ಮೇಲಿನ ಹೊಲ, ಕೆಳಗಿನ ಹೊಲ

ಖಾನಾಪುರ ತಾಲ್ಲೂಕಿನಲ್ಲಿ ಅಂಥ ಇನ್ನೊಂದು ಜೋಡಿ ಹೊಲ ನನಗೆ ಸಿಗಲಿಲ್ಲ. ಒಂದೇ ಇಳಿಜಾರು, ಒಂದೇ ಕೆಂಪು ಮಣ್ಣು, ಒಂದೇ ತಳಿಯ ಬೀಜ. ನಡುವೆ, ಇಳಿಜಾರಿಗೆ ತುಸು ಓರೆಯಾಗಿ, ಮೊಣಕಾಲೆತ್ತರದ ಒಂದು ಬದು. ಇಬ್ಬರು ರೈತ ಸೋದರರಲ್ಲಿ ಬದುವಿನ ಮೇಲಿನದು ಅಣ್ಣನ ಪಾಲು, ಕೆಳಗಿನದು ತಮ್ಮನದು. ನಾನು ಅಲ್ಲಿಗೆ ಹೋಗುವ ಕೆಲವೇ ವರ್ಷಗಳ ಹಿಂದೆ ಅದು ಒಂದೇ ಹೊಲವಾಗಿತ್ತು.

ಎಪ್ಪತ್ತರ ದಶಕದ ಕೊನೆಯ ಮಾತು. ಬೆಳಗಾವಿಯ ಕೃಷಿ ಕಚೇರಿಯಿಂದ ನನಗೆ ವಹಿಸಿದ್ದ ಕೆಲಸ ಹೇಳುವುದಕ್ಕೆ ಸುಲಭ. ಸಣ್ಣ ಹಿಡುವಳಿಯ ಭತ್ತದ ರೈತರಲ್ಲಿ ಜೋಡಿ ಹೊಲಗಳನ್ನು ಆರಿಸಬೇಕು. ಒಂದರಲ್ಲಿ ಹಿಂದಿನಿಂದ ನಡೆದು ಬಂದ ಬೇಸಾಯ, ಇನ್ನೊಂದರಲ್ಲಿ ಮಣ್ಣು ಮತ್ತು ನೀರನ್ನು ಉಳಿಸುವ ಬೇಸಾಯ. ಎರಡಕ್ಕೂ ಎಷ್ಟು ಆಳು, ಎಷ್ಟು ಎತ್ತಿನ ದುಡಿಮೆ ಬಿತ್ತು, ಎಷ್ಟು ಕಾಳು, ಎಷ್ಟು ಹುಲ್ಲು ಬಂತು, ಮಳೆಗೆ ಎಷ್ಟು ಮಣ್ಣು ಕೊಚ್ಚಿ ಹೋಯಿತು ಎಂಬುದನ್ನು ಕೆಲವು ಮಳೆಗಾಲ ಬಿಡದೆ ಅಳೆಯಬೇಕು. ಯಾವುದು ದುಡಿಮೆಗೆ ತಕ್ಕ ಫಲ ಕೊಡುತ್ತದೆ ಎಂದು ಕೊನೆಗೆ ಹೇಳಬೇಕು.

ಹಿಂದಿನ ಬೇಸಾಯವೆಂದರೆ ಆ ಕಡೆ ಎಲ್ಲರಿಗೂ ಗೊತ್ತಿರುವುದೇ. ಸುಗ್ಗಿ ಮುಗಿದ ಮೇಲೆ ಹೊಲದಲ್ಲುಳಿದ ಪೈರಿನ ಬುಡವನ್ನು, ಅಂದರೆ ಕೂಳೆಯನ್ನು, ದನ ಮೇಯುತ್ತವೆ. ಬೇಸಿಗೆಯಲ್ಲಿ ನೇಗಿಲು, ಆಮೇಲೆ ಹೆಂಟೆ ಒಡೆದು ಕಳೆ ಸವರಲು ಮತ್ತೆ ಮತ್ತೆ ಕುಂಟೆ. ರೋಹಿಣಿ ಮಳೆಗೆ ನಾಲ್ಕು ಸಾಲು ಒಟ್ಟಿಗೆ ಬಿತ್ತುವ ಕೂರಿಗೆಯಿಂದ ಒಣ ಬಿತ್ತನೆ, ಇಳಿಜಾರಿನ ಉದ್ದಕ್ಕೆ ನೇರವಾದ ಸಾಲು. ಹೊಸದರಲ್ಲಿ ಕೂಳೆಯನ್ನು ದನಕ್ಕೆ ಬಿಡದೆ ಹೊಲದಲ್ಲೇ ಉಳಿಸಬೇಕು, ನೇಗಿಲು ಒಂದೇ ಸಲ, ಕುಂಟೆ ಕಡಿಮೆ. ಇಳಿಜಾರಿಗೆ ಅಡ್ಡಲಾಗಿ, ಒಂದೇ ಎತ್ತರದ ಗೆರೆ ಹಿಡಿದು ಸಮಪಾತಳಿ ಒಡ್ಡು ಹಾಕಬೇಕು. ಬಿತ್ತನೆಯೂ ಆ ಗೆರೆಯನ್ನೇ ಅನುಸರಿಸಬೇಕು.

ನಮ್ಮ ಹಿರಿಯ ಅಧಿಕಾರಿಗಳು ನಂದಗಡದ ಹಾದಿಯಲ್ಲಿದ್ದ ಆ ಊರಿಗೆ ಜೀಪಿನಲ್ಲಿ ಬಂದು, ಬದುವಿನ ಮೇಲೆ ನಿಂತು ಎರಡೂ ಕಡೆ ನೋಡಿ ಖುಷಿಪಟ್ಟರು.

"ಇದು ನಮ್ಮ ಯೋಜನೇದಾಗ ಎಲ್ಲಾಕಿಂತ ಚಲೋ ಜೋಡಿ ನೋಡ್ರಿ. ಆದ್ರ ಎರಡೂ ಹೊಲ ಒಂದಕ್ಕೊಂದು ಮುಟ್ಟಬಾರದು. ಮ್ಯಾಲಿನ ನೀರು ಕೆಳಗ ಬಂತಂದ್ರ ಹೋಲಿಕಿ ಕೆಟ್ಟಂಗ. ಬದುವಿನ ಗುಂಟ ಒಂದು ಕಾಲುವಿ ತೋಡಸ್ರಿ, ನೀರು ಬಾಜೂಕಿನ ಹಳ್ಳಕ್ಕ ಹೋಗ್ಲಿ."

ಈ ಜೋಡಿಯ ಕೆಲಸ ಅಚ್ಚುಕಟ್ಟಾಗಿ ಮುಗಿದರೆ ಹೆಚ್ಚಿನ ಓದಿಗೆ ಧಾರವಾಡಕ್ಕೆ ನನ್ನ ಹೆಸರು ಕಳಿಸುವುದಾಗಿಯೂ ಹೇಳಿದರು. ನಾನು ಕಾಲುವೆ ತೋಡಿಸಿದೆ.

ಅಣ್ಣತಮ್ಮಂದಿರ ನಡುವೆ ಮಾತಿರಲಿಲ್ಲ. ಜಗಳ ಯಾಕಾಯಿತೆಂದು ನಾನಾಗಿ ಕೇಳಲಿಲ್ಲ. ಅವರೇ ಬೇರೆ ಬೇರೆಯಾಗಿ ಹೇಳಿದರು. "ಬ್ಯಾರೆ ಮನಿ ಕಟ್ಟಸಾಕ ನನಗೊಂದು ಮಾತು ಹೇಳದ ಕಲ್ಲು ತರಿಸಿದ" ಎಂದ ಅಣ್ಣ. "ಹೇಳಿದ್ನಿರಿ. ಕೇಳಿಸ್ಕೊಂಡು ಸುಮ್ನ ಕುಂತ. ಸುಮ್ನ ಕುಂತ್ರ ಹೂಂ ಅಂದಂಗ ಅಲ್ಲೇನು?" ಎಂದ ತಮ್ಮ. ಅಷ್ಟಕ್ಕೇ ಹೊಲ ಒಡೆದಿತ್ತು, ಮನೆ ಒಡೆದಿತ್ತು. ಎತ್ತಿನ ಜೋಡಿಯೂ ಒಡೆದಿತ್ತು. ಎಡಕ್ಕೆ ಹೂಡುತ್ತಿದ್ದ ಎತ್ತು ಅಣ್ಣನ ಪಾಲಿಗೆ, ಬಲಕ್ಕೆ ಹೂಡುತ್ತಿದ್ದುದು ತಮ್ಮನ ಪಾಲಿಗೆ. ಇಬ್ಬರೂ ಬಿತ್ತುವ ಹೊತ್ತಿಗೆ ಊರಲ್ಲಿ ಇನ್ನೊಂದು ಎತ್ತಿಗಾಗಿ ಕೈಯೊಡ್ಡಬೇಕಿತ್ತು. ಎತ್ತು ಕೊಟ್ಟವರಿಗೆ ಪ್ರತಿಯಾಗಿ ತಾವೂ ದುಡಿದು ಮುಯ್ಯಿ ತೀರಿಸಬೇಕಿತ್ತು.

ಹೊಸ ಪದ್ಧತಿಗೆ ತಮ್ಮ ಒಪ್ಪಿದ್ದು ಇದೇ ಕಾರಣಕ್ಕೆ. ನೇಗಿಲು ಒಂದೇ ಸಲವಾದರೆ ಎತ್ತು ಕೇಳುವುದೂ ಒಂದೇ ಸಲ. ಅಣ್ಣನ ಹೊಲದಲ್ಲಿ ನಾನು ಏನನ್ನೂ ಬದಲಿಸಬೇಕಿರಲಿಲ್ಲ.

"ನನ್ನ ಬೇಸಾಯಕ್ಕ ಕೈ ಹಚ್ಚಬ್ಯಾಡ್ರಿ ಸಾಹೇಬ್ರ. ಅಳಕೊಂಡು ಹೋಗ್ರಿ, ಬ್ಯಾಡನ್ನೂದಿಲ್ಲ."

"ಹಚ್ಚೂದಿಲ್ರಿ ಕಾಕಾರ" ಎಂದೆ.

ಮೊದಲ ವರ್ಷ ಡಂಪಿ ಲೆವೆಲ್ ಹೊತ್ತು ತಮ್ಮನ ಹೊಲದಲ್ಲಿ ನಿಂತೆ. ಮೂರು ಕಾಲಿನ ಮೇಲೆ ದುರ್ಬೀನು ಕೂರಿಸಿದಂತಿರುವ ಯಂತ್ರ ಅದು. ಎದುರಿಗೆ ಅಳತೆಗೋಲು ಹಿಡಿದವನು ಒಂದೊಂದೇ ಹೆಜ್ಜೆ ಸರಿದಂತೆ, ಒಂದೇ ಎತ್ತರ ಸಿಕ್ಕಲ್ಲೆಲ್ಲ ಗೂಟ ಬಡಿಯುತ್ತ ಹೋಗುವುದು. ಗೂಟಗಳನ್ನು ಸುಣ್ಣದಿಂದ ಕೂಡಿಸಿದಾಗ ಗೆರೆ ಹಾವು ಹರಿದಂತೆ ಕಂಡಿತು. ತಮ್ಮ ಅದನ್ನು ಬಹಳ ಹೊತ್ತು ನೋಡಿದ.

"ಇದರ ಗುಂಟ ಕೂರಿಗಿ ಹೊಡಿಬೇಕ್ರಿ? ಊರ ಮಂದಿ ನಗ್ತಾರ."

"ನಗಲ್ರಿ. ಮಳಿ ಬಂದಾಗ ನೋಡೂಣು."

ಮೇಲಿನ ಹೊಲದಲ್ಲಿ ಅಣ್ಣ ಕುಂಟೆ ಹೊಡೆಯುತ್ತಿದ್ದ. ನಗಲಿಲ್ಲ. ತಿರುಗಿಯೂ ನೋಡಲಿಲ್ಲ. ಆದರೆ ಎತ್ತು ತಿರುಗಿಸುವಾಗಲೆಲ್ಲ ಬದುವಿನ ಹತ್ತಿರ ಒಂದು ಗಳಿಗೆ ಹೆಚ್ಚು ನಿಲ್ಲುತ್ತಿದ್ದ.

ವಾರಪೂರ್ತಿ ನಾನು ಖಾನಾಪುರದ ಒಂದು ಬಾಡಿಗೆ ಕೋಣೆಯಲ್ಲಿರುತ್ತಿದ್ದೆ, ಬೆಳಿಗ್ಗೆ ಸೈಕಲ್ ತುಳಿದು ಹೊಲಕ್ಕೆ ಬರುತ್ತಿದ್ದೆ. ಎರಡೂ ಹೊಲದ ಕೆಳಗಿನ ಅಂಚಿನಲ್ಲಿ ಒಂದೊಂದು ಹೊಂಡ ತೋಡಿಸಿದ್ದೆ. ಹರಿದು ಬಂದ ನೀರು ಅಲ್ಲಿ ನಿಂತು ಮಣ್ಣು ತಳಕ್ಕಿಳಿಯುತ್ತಿತ್ತು. ಮಳೆ ಬಿಡುವು ಕೊಟ್ಟಾಗ ನೀರು ತೋಡಿ, ಕೆಸರನ್ನು ಗೋಣಿತಟ್ಟಿನ ಮೇಲೆ ಒಣಗಿಸಿ ತೂಗುವುದು. ಖಾನಾಪುರದ ಮಳೆಗಾಲದಲ್ಲಿ ಕೆಸರು ಒಣಗಿಸುವುದೆಂದರೆ ಏನೆಂದು ಅಲ್ಲಿದ್ದವರಿಗೇ ಗೊತ್ತು. ಅಣ್ಣನ ಹೆಂಡತಿ ತನ್ನ ಅಡುಗೆಮನೆಯ ಒಲೆಯ ಪಕ್ಕದಲ್ಲಿ ಜಾಗ ಕೊಟ್ಟಳು. ಒಂದು ಕಡೆ ರೊಟ್ಟಿ ಬೇಯುತ್ತಿತ್ತು, ಇನ್ನೊಂದು ಕಡೆ ನನ್ನ ಮಣ್ಣು.

"ನಮ್ಮ ಮೈದುನಂದೂ ಇಲ್ಲೇ ತರ್ರಿ. ಅವರ ಒಲಿ ಸಣ್ಣದೈತಿ" ಎಂದಳು ಒಂದು ದಿನ, ಗಂಡ ಹೊರಗೆ ಹೋದದ್ದನ್ನು ನೋಡಿಕೊಂಡು. ಅದನ್ನೂ ತಂದಿಟ್ಟೆ. ಎರಡು ತಟ್ಟು ಅಕ್ಕಪಕ್ಕ. ಅಣ್ಣನ ಹೊಲದ ರಾಶಿ ದೊಡ್ಡದಿತ್ತು, ತಮ್ಮನದು ಮುಷ್ಟಿಯಷ್ಟು. ಆಕೆ ಎರಡನ್ನೂ ನೋಡಿದಳು, ರೊಟ್ಟಿ ತಿರುವಿ ಹಾಕಿದಳು.

ಮಣ್ಣಿನ ಲೆಕ್ಕದಲ್ಲಿ ಹೊಸದು ಗೆಲ್ಲುತ್ತಿತ್ತು. ಕಾಳಿನ ಲೆಕ್ಕದಲ್ಲಿ ಸೋತಿತು. ತಮ್ಮನಿಗೆ ಜೊತೆಯ ಎತ್ತು ಸಿಗುವಷ್ಟರಲ್ಲಿ ಬಿತ್ತನೆ ತಡವಾಗಿತ್ತು. ಕುಂಟೆ ಕಡಿಮೆಯಾದ್ದರಿಂದ ಕಳೆ ದಟ್ಟವಾಗಿ ಎದ್ದಿತು. ಉಳಿಸಿದ್ದ ಕೂಳೆಯನ್ನು ಬೇಸಿಗೆಯಲ್ಲಿ ಊರ ದನ ನುಗ್ಗಿ ಅರ್ಧ ತಿಂದುಹಾಕಿದ್ದವು. ಶ್ರಾವಣ ಪೂರ್ತಿ ತಮ್ಮನ ಹೆಂಡತಿ ಕಳೆ ಕೀಳುತ್ತ ಬಗ್ಗಿಯೇ ಇದ್ದಳು. ಒಂದು ಮಧ್ಯಾಹ್ನ ಸೊಂಟಕ್ಕೆ ಕೈಕೊಟ್ಟು ಎದ್ದು ನಿಂತು ನನ್ನನ್ನು ಕರೆದಳು.

"ಸಾಹೇಬ್ರ, ನಿಮ್ಮ ಹೊಸಾ ಪದ್ಧತ್ಯಾಗ ಎತ್ತಿಗೆ ಸೂಟಿ, ನನಗ ದುಡಿತ."

ಎತ್ತಿನ ದುಡಿಮೆ ಉಳಿಯಿತೆಂದು ಸಂತೋಷದಿಂದ ಕೂಡಿಸುತ್ತಿದ್ದವನು ಆಮೇಲೆ ಆಕೆಯ ಕಳೆಯ ಹೊತ್ತನ್ನೂ ಪಕ್ಕದಲ್ಲಿಟ್ಟು ನೋಡಿದೆ. ಉಳಿತಾಯವೆಲ್ಲ ಅಲ್ಲಿಗೆ ಹೋಗಿತ್ತು. ಮುಂದಿನ ವರ್ಷಕ್ಕೆ ಸಾಲುಗಳ ನಡುವೆ ಎಡೆಕುಂಟೆ ಹೆಚ್ಚು ಸಲ ಹೊಡೆಯಬೇಕೆಂದು ಅಂದೇ ತೀರ್ಮಾನಿಸಿದೆ.

ಸುಗ್ಗಿಯಲ್ಲಿ ಹಗ್ಗದಿಂದ ಚೌಕ ಹಿಡಿದು, ಚೌಕದೊಳಗಿನ ಬೆಳೆಯನ್ನು ಬೇರೆ ಕೊಯ್ದು ಬಡಿದು ತೂಗಿದೆ. ಅಣ್ಣ ಕಣದ ಅಂಚಿನಲ್ಲಿ ಕೂತಿದ್ದ. ತನ್ನ ತೂಕ ಕೇಳಲಿಲ್ಲ.

"ಅವಂದು ಹೆಂಗ ಬಂತ್ರಿ?"

"ನಿಮ್ಮದಕ್ಕಿಂತ ಕಡಿಮಿ ಬಂತ್ರಿ, ಕಾಕಾರ."

ಮುಖದಲ್ಲಿ ಗೆಲುವು ಕಾಣುತ್ತದೆಂದು ಕಾದೆ. ಅವನು ಒಂದು ತೆನೆಯನ್ನು ಅಂಗೈಯಲ್ಲಿ ಉಜ್ಜಿ ಕಾಳು ಬಾಯಿಗೆ ಹಾಕಿಕೊಂಡ.

"ಮನಿಮಂದಿ ಉಣ್ಣಾಕ ಸಾಲೂವಷ್ಟು ಬಂತಿಲ್ಲೊ?"

"ಸಾಲ್ತೈತ್ರಿ."

"ಹಂಗಾದ್ರ ಸಾಕು" ಎಂದು ಎದ್ದು ಹೋದ.

ಆ ಬೇಸಿಗೆಯಲ್ಲಿ ತಮ್ಮನ ಹೊಲದ ಸುತ್ತ ಮುಳ್ಳು ಹಾಕಿಸಿ ಕೂಳೆ ಉಳಿಸಿದೆವು. ಎರಡನೆಯ ವರ್ಷ ತಮ್ಮ ಮುಂಚೆಯೇ ಓಡಾಡಿ ಎತ್ತು ಹೊಂದಿಸಿಕೊಂಡ. ಬಿತ್ತನೆ ಹೊತ್ತಿಗೆ ಸರಿಯಾಗಿ ಆಯಿತು. ಎಡೆಕುಂಟೆಯೂ ಹೊಡೆದ. ಆಷಾಢದ ಮೊದಲಲ್ಲಿ ಎರಡೂ ಹೊಲ ನೋಡಿದರೆ ಕೆಳಗಿನ ಪೈರು ಒಂದು ಛಾಯೆ ಹೆಚ್ಚು ದಟ್ಟ ಹಸಿರಾಗಿತ್ತು. ಬೆಳಗಾವಿಗೆ ಹೋದಾಗ ಅಧಿಕಾರಿಗಳಿಗೆ ಹೇಳಿದೆ. ಅವರು ಮೇಜು ತಟ್ಟಿ ನಕ್ಕರು.

ಆಮೇಲೆ ಮಳೆ ಹಿಡಿಯಿತು. ಮಲಪ್ರಭೆ ಕೆಂಪಾಗಿ ದಡ ಮುಟ್ಟಿದಳು. ಸೈಕಲ್ ಹೋಗುವ ಹಾದಿಯಿರಲಿಲ್ಲ. ಖಾನಾಪುರದ ಕೋಣೆಯಲ್ಲಿ ಕೂತು ಮಾಡಿನ ಹೆಂಚಿನ ಮೇಲೆ ಬೀಳುವ ನೀರಿನ ಸದ್ದು ಕೇಳುತ್ತ, ನಾನು ತೋಡಿಸಿದ ಕಾಲುವೆ ಎಷ್ಟು ನೀರು ತಾಳೀತು ಎಂದು ಲೆಕ್ಕ ಹಾಕುತ್ತಿದ್ದೆ. ಪ್ರತಿ ಸಲವೂ ಲೆಕ್ಕ ಬೇರೆ ಬೇರೆ ಬರುತ್ತಿತ್ತು.

ಮಳೆ ಸ್ವಲ್ಪ ಇಳಿದ ದಿನ ನಡೆದೇ ಹೋದೆ. ಕಾಲುವೆ ಕಾಣಲೇ ಇಲ್ಲ. ಅಣ್ಣನ ಹೊಲದ ಉದ್ದನೆಯ ಸಾಲುಗಳೆಲ್ಲ ನೀರಿನ ದಾರಿಯಾಗಿ, ಆ ನೀರು ಹೊತ್ತು ತಂದ ಮಣ್ಣು ಕಾಲುವೆಯನ್ನು ಮುಚ್ಚಿ, ಬದುವನ್ನು ನಡುವಿನಲ್ಲಿ ಒಡೆದು ಕೆಳಗೆ ನುಗ್ಗಿತ್ತು. ತಮ್ಮನ ಒಡ್ಡುಗಳು ಅವನ ಹೊಲದ ನೀರಿಗಷ್ಟೇ ಹಾಕಿದವು. ಎರಡು ಹೊಲದ ನೀರನ್ನು ತಾಳಲಾರದೆ ಮೇಲಿನೆರಡು ನಡುವೆ ಕಿತ್ತುಹೋಗಿದ್ದವು. ಕೆಳಗಿನವು ಮಾತ್ರ ನಿಂತಿದ್ದವು. ಅವುಗಳ ಹಿಂದೆ ನುಣ್ಣನೆಯ ಕೆಂಪು ಕೆಸರು ಹಾಸಿಗೆಯಂತೆ ಹರಡಿತ್ತು. ಪೈರಿನ ತುದಿಗಳಷ್ಟೇ ಹೊರಗೆ ಕಾಣುತ್ತಿದ್ದವು.

ತಮ್ಮ ಕೆಸರಿನಲ್ಲಿ ಮೊಣಕಾಲೂರಿ ಪೈರುಗಳನ್ನು ಒಂದೊಂದಾಗಿ ಎತ್ತಿ ನಿಲ್ಲಿಸುತ್ತಿದ್ದ. ಅಷ್ಟರಲ್ಲಿ ಅಣ್ಣ ತನ್ನ ಹೊಲದಿಂದ ಇಳಿದು ಬಂದ. ಬದು ಒಡೆದಲ್ಲಿ ಒಂದು ಗಳಿಗೆ ತಡೆದ, ಆಮೇಲೆ ದಾಟಿದ. ಪಾಲಾದ ಮೇಲೆ ಅವನು ಆ ಕಡೆ ಕಾಲಿಟ್ಟದ್ದು ಅದೇ ಮೊದಲು. ಬಗ್ಗಿ ಒಂದು ಹಿಡಿ ಕೆಸರು ಎತ್ತಿ, ಹಿಚುಕಿ, ಮೂಸಿ ನೋಡಿದ.

"ಇದು ನಂದು" ಎಂದ.

ತಮ್ಮ ತಲೆಯೆತ್ತಿದ. "ಒಯ್ಯಿ ಹಂಗಾದ್ರ. ಬುಟ್ಟಿ ತಂದು ಹೊತ್ಕೊಂಡು ಹೋಗು. ನನ್ನ ಪೈರು ಹೂತು ಹಾಕಿ ಈಗ ಮಣ್ಣು ಕೇಳಾಕ ಬಂದೀ?"

"ಕೇಳಾಕ ಬಂದಿಲ್ಲೋ. ನಂದು ಅಂದೆ ಅಷ್ಟ. ಅಪ್ಪ ಇದ್ದಾಗ ತಿಪ್ಪಿ ಗೊಬ್ಬರ ಹೊತ್ತು ಹಾಕಿದ ಮಣ್ಣಿದು. ಒಯ್ದ್ರ ಏನಾತು? ಮುಂದಿನ ಮಳಿಗೆ ಮತ್ತ ಇಲ್ಲಿಗೇ ಬರ್ತೈತಿ."

ಹಾಗೆಂದು ಅವನೂ ಕೂತ. ತಮ್ಮನ ಪಕ್ಕದಲ್ಲಲ್ಲ, ಸ್ವಲ್ಪ ದೂರದಲ್ಲಿ. ಕೆಸರಿನಿಂದ ಒಂದು ಪೈರು ಎತ್ತಿ ನಿಲ್ಲಿಸಿದ. ಇನ್ನೊಂದು ಎತ್ತಿದ. ಸಂಜೆಯತನಕ ಇಬ್ಬರೂ ಹಾಗೇ ಕೆಲಸ ಮಾಡಿದರು. ನಾನೂ ಪ್ಯಾಂಟು ಮಡಚಿ ಇಳಿದೆ.

ಬೆಳಗಾವಿಗೆ ಹೋಗಿ ಅಧಿಕಾರಿಗಳಿಗೆ ನಡೆದದ್ದೆಲ್ಲ ಹೇಳಿದೆ. ಅವರು ಕಠಿಣ ಮನುಷ್ಯರಲ್ಲ. ಪೂರ್ತಿ ಕೇಳಿದರು.

"ಕಾಲುವಿ ಸಣ್ಣದಾತು, ಅಷ್ಟ. ಇನ್ನಷ್ಟು ಆಳ ತೋಡಸ್ರಿ, ಬದುವಿಗೆ ಕಲ್ಲು ಕಟ್ಟಸ್ರಿ. ಎರಡೂ ಹೊಲ ಪೂರಾ ಬ್ಯಾರೆ ಆಗ್ಬೇಕು. ಈ ವರ್ಷದ್ದು ಹೋದ್ರೂ ಮುಂದಿನ ವರ್ಷದ್ದು ಸಿಗ್ತೈತಿ."

"ನೀರು ಮ್ಯಾಲಿಂದ ಬರೂದ್ರಿ, ಸರ್. ಒಡ್ಡು ಮ್ಯಾಲಿನ ಹೊಲದ ತುದಿಯಿಂದ ಶುರುವಾದ್ರ ಎರಡೂ ಉಳೀತಾವ."

"ಆಗ ಹೋಲಸೂದು ಯಾವುದರ ಕೂಡ ರೀ? ಎರಡೂ ಹೊಸಾ ಪದ್ಧತಿ ಆದ್ರ ನಮ್ಮ ಕೆಲಸ ಏನು ಉಳೀತು?"

ಅವರು ಹೇಳಿದ್ದು ತಪ್ಪಲ್ಲ. ಹೋಲಿಕೆ ಬೇಕಾದರೆ ಒಂದು ಹೊಲ ಸವೆಯುತ್ತಲೇ ಇರಬೇಕು. ನನ್ನ ಉದ್ಯೋಗವೇ ಅದು. ಆಲೋಚಿಸಿ ಬಂದು ಹೇಳುವುದಾಗಿ ಎದ್ದು ಬಂದೆ.

ಮರುದಿನ ಭಾನುವಾರ. ಮನೆಯಿಂದ ಸೈಕಲ್ ಹತ್ತಿ ಬೆಳಗಾವಿಯ ಹೊರಗಿನ ಸಾಂಬ್ರಾ ಹಾದಿ ಹಿಡಿದೆ. ಅಲ್ಲಿ ನನ್ನ ಅಜ್ಜನ ಹೊಲವಿತ್ತು. ಅಪ್ಪ ಮತ್ತು ಕಾಕಂದಿರು ಪಾಲು ಮಾಡಿಕೊಂಡಾಗ ನಾನಿನ್ನೂ ಸಾಲೆಯಲ್ಲಿದ್ದೆ. ಪಾಲಾದ ಮೇಲೆ ಒಬ್ಬೊಬ್ಬರ ತುಂಡೂ ಒಂದು ಜೋಡಿ ಎತ್ತು ತಿರುಗಲಿಕ್ಕೆ ಸಾಲದಷ್ಟಾಯಿತು. ಒಬ್ಬರಾದ ಮೇಲೊಬ್ಬರು ಮಾರಿದರು. ನಾವು ಬೆಳಗಾವಿಯ ಶಹಾಪುರದ ಬಾಡಿಗೆ ಮನೆಗೆ ಬಂದೆವು. ಅಲ್ಲಿ ಅಂಗಳವೆಂದರೆ ನಾಲ್ಕು ಹಾಸುಗಲ್ಲು. ಅಪ್ಪ ಮೊದಲ ಮಳೆ ಬಿದ್ದ ದಿನ ಆ ಕಲ್ಲಿನ ಮೇಲೆ ನಿಂತು ಸುಮ್ಮನೆ ಮೂಗರಳಿಸುತ್ತಿದ್ದರು. ಕಲ್ಲಿನಿಂದ ಏನು ವಾಸನೆ ಬರಬೇಕು? ಹೊಲದ ಸುದ್ದಿ ಅವರು ಎಂದೂ ತೆಗೆಯಲಿಲ್ಲ. ನಾನು ಕೃಷಿ ಓದುತ್ತೇನೆಂದಾಗ ಮಾತ್ರ "ಓದಿ ಯಾರ ಹೊಲ ಮಾಡ್ತೀಪಾ?" ಎಂದು ಕೇಳಿದ್ದರು.

ಬಿಡುವಾದಾಗ ಹೋಗಿ ಆ ಹೊಲವನ್ನು ಹಾದಿಯ ಮೇಲಿಂದ ನೋಡಿ ಬರುವುದು ನನಗೆ ರೂಢಿಯಾಗಿತ್ತು. ಇಳಿದು ಹೋಗುತ್ತಿರಲಿಲ್ಲ. ಯಾರು ನೀನು ಎಂದರೆ ಏನು ಹೇಳುವುದು? ಅಂದು ಹೋದಾಗ ಯಾರೋ ಜೋಳದ ಹೊಲಕ್ಕೆ ಎಡೆಕುಂಟೆ ಹೊಡೆಯುತ್ತಿದ್ದರು. ನಮ್ಮ ತುಂಡು ಯಾವುದು, ಕಾಕಂದಿರದು ಯಾವುದು ಎಂದು ಹುಡುಕಿದೆ. ಗೊತ್ತಾಗಲಿಲ್ಲ. ಕೊಂಡವನು ನಡುವಿನ ಬದುಗಳನ್ನೆಲ್ಲ ಕಿತ್ತುಹಾಕಿ ಹೊಲವನ್ನು ಮತ್ತೆ ಒಂದು ಮಾಡಿದ್ದ. ಅಜ್ಜನ ಕಾಲದಲ್ಲಿ ಇದ್ದ ಹಾಗೇ ಇತ್ತು. ನಮ್ಮವರು ಮಾತ್ರ ಅದರಲ್ಲಿ ಇರಲಿಲ್ಲ. ಸೈಕಲ್ ಹಿಡಿದು ಬಹಳ ಹೊತ್ತು ನಿಂತಿದ್ದೆ. ಎಡೆಕುಂಟೆಯವನು ಒಂದು ಸಲ ಕೈ ಬೀಸಿದ, ಹಾದಿ ತಪ್ಪಿದವನೆಂದುಕೊಂಡಿರಬೇಕು.

ಸೋಮವಾರ ಕಚೇರಿಗೆ ಹೋಗಿ, ಕಾಲುವೆ ಆಳ ಮಾಡಿಸುವುದಿಲ್ಲವೆಂದು ಹೇಳಿದೆ. ಆ ಜೋಡಿಯನ್ನು ಯೋಜನೆಯಿಂದ ಬಿಡಬೇಕೆಂದು ಕೇಳಿಕೊಂಡೆ. ಅಧಿಕಾರಿಗಳು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಧಾರವಾಡದ ಮಾತೂ ಬಿಟ್ಟಂಗ ಆತಲ್ರಿ."

"ಹೌದ್ರಿ ಸರ್."

"ಆ ಹೊಲದ ಮ್ಯಾಲ ನಿಮಗ್ಯಾಕ ಇಷ್ಟು ಮಮತಾ?"

ಆ ಜೋಡಿಯ ಲೆಕ್ಕದ ಪುಸ್ತಕವನ್ನು ಅವರ ಮೇಜಿನ ಮೇಲಿಟ್ಟೆ. ಅವರು ಅದನ್ನು ಪಕ್ಕಕ್ಕೆ ಸರಿಸಿದರು. ತಾಲ್ಲೂಕಿನ ಉಳಿದ ಜೋಡಿಗಳ ಕೆಲಸ ತಪ್ಪದೆ ನಡೆಯಬೇಕೆಂದು ಹೇಳಿ ಕಳಿಸಿದರು. ಅದು ತಪ್ಪದೆ ನಡೆಯಿತು.

ನಿಂತ ಬೆಳೆಯಲ್ಲಿ ಹೊಸ ಒಡ್ಡು ಹಾಕಲಾಗುವುದಿಲ್ಲ. ಒಡೆದಲ್ಲಿಗೆ ಹುಲ್ಲಿನ ಹೆಂಟೆ, ಕಲ್ಲು ಒಟ್ಟಿ ಆ ಮಳೆಗಾಲ ಸಾಗಿಸಿದೆವು. ಸುಗ್ಗಿ ಮುಗಿದ ಮೇಲೆ ಡಂಪಿ ಲೆವೆಲನ್ನು ಮೊದಲ ಸಲ ಅಣ್ಣನ ಹೊಲದ ನೆತ್ತಿಯಲ್ಲಿ ನಿಲ್ಲಿಸಿದೆ. ಈ ಸಲ ಅವನು ಬೇಡವೆನ್ನಲಿಲ್ಲ.

"ಕಾಕಾರ, ಗೆರಿ ಇಲ್ಲಿಂದ ಶುರುವಾಗ್ತೈತಿ. ಎರಡು ಕಡೆ ನಡುವಿನ ಬದು ದಾಟ್ತೈತಿ. ಅಲ್ಲಿ ಬದು ಕಡೀಬೇಕಾಗ್ತೈತ್ರಿ."

"ಬದು ಕಡದ್ರ ಪಾಲು ಅಳಿಸಿದಂಗ ಅಲ್ಲೇನ್ರಿ?"

"ಗಡಿ ಕಲ್ಲು ಇದ್ದಲ್ಲೇ ಇರ್ತಾವ್ರಿ. ಮಣ್ಣಷ್ಟ ಕಡಿಯೂದು."

ಅವನು ಗಡ್ಡ ಕೆರೆದುಕೊಂಡ. "ಅವನ್ನ ಕೇಳ್ರಿ."

ಕೆಳಗಿಳಿದು ತಮ್ಮನನ್ನು ಕೇಳಿದೆ. ಅವನು ಮೇಲೆ ನೋಡಿದ, ನೆಲ ನೋಡಿದ. "ನಂದೇನಿಲ್ರಿ. ಅವನ್ನ ಕೇಳ್ರಿ."

ಮತ್ತೆ ಹತ್ತಿದೆ. "ಅವ ಖರೇನ ಹೂಂ ಅಂದ್ನೇನ್ರಿ? ಇನ್ನೊಮ್ಮಿ ಕೇಳ್ರಿ, ನಾಳೆ ಇಲ್ಲ ಅಂದಾನು." ಮತ್ತೆ ಇಳಿದೆ. ಬುತ್ತಿ ಹೊತ್ತು ಬಂದಿದ್ದ ಅಣ್ಣನ ಹೆಂಡತಿ ಬದುವಿನ ಮೇಲೆ ನಿಂತು ನನ್ನ ಹತ್ತಿಳಿಯುವಿಕೆಯನ್ನು ನೋಡುತ್ತಿದ್ದಳು. ಬುಟ್ಟಿಯನ್ನು ಧಪ್ಪನೆ ಇಳಿಸಿದಳು.

"ಸಾಹೇಬ್ರೇನು ನಿಮ್ಮ ಟಪಾಲಿನವರಾ? ಒಂದು ಹೊಲದಾಗ ಆಡಿ ಬೆಳದ ಮಕ್ಕಳು ನೀವು. ಒಬ್ಬರ ಮಾತು ಒಬ್ಬರಿಗೆ ಕೇಳ್ಸೂವಷ್ಟು ಹತ್ತರ ನಿಂತೀರಿ. ಒದರಿದ್ರ ಸಾಕು, ಬಾಯಿ ಇಲ್ಲೇನು?"

ಆಮೇಲೆ ಮೇಲಿನಿಂದ ಅಣ್ಣನ ದನಿ ಬಂತು. ಒದರಲಿಲ್ಲ, ಸಾದಾ ಮಾತಿನಂತೆಯೇ ಅಂದ.

"ಸಲಿಕಿ ತಂದೀಯೇನೊ?"

"ಒಂದ ಐತಿ."

"ನಂದೊಂದು ಐತಿ. ಬಾ."

ತಮ್ಮ ಸಲಿಕೆ ಹೆಗಲಿಗಿಟ್ಟು ಹತ್ತಿದ. ಬದುವಿಗೆ ಮೊದಲ ಏಟು ಯಾರು ಹಾಕಿದರೆಂದು ನಾನು ನೋಡಲಿಲ್ಲ. ಲೆವೆಲಿನ ಕಣ್ಣಿಗೆ ಕಣ್ಣಿಟ್ಟು ನಿಂತಿದ್ದೆ, ಗಾಜು ಮಂಜಾಗಿತ್ತು.

ಮಣ್ಣೆಳೆಯುವ ಹಲಗೆಗೆ ಎರಡೂ ಎತ್ತುಗಳನ್ನು ಹೂಡಿದರು. ಇಷ್ಟು ವರ್ಷ ಬೇರೆಯವರ ಎತ್ತಿನ ಜೊತೆ ಜಗ್ಗಾಡುತ್ತಿದ್ದ ಅವು ನೊಗ ಹೆಗಲಿಗೆ ಬಿದ್ದದ್ದೇ ತಮ್ಮ ತಮ್ಮ ಮಗ್ಗುಲಿಗೆ ತಾವೇ ನಿಂತವು. ತಮ್ಮ ಎತ್ತಿನ ಬೆನ್ನು ಚಪ್ಪರಿಸಿ, "ನಿಮಗ ನೆನಪೈತಲ್ಲೋ" ಎಂದ. ಅಣ್ಣ ಹಗ್ಗ ಸರಿಪಡಿಸುತ್ತ ಆ ಕಡೆ ತಿರುಗಿದ.

ಇದರಿಂದ ಎಲ್ಲವೂ ಮೊದಲಿನಂತಾಯಿತೆಂದು ಹೇಳಲಾರೆ. ಅಡುಗೆಮನೆಗಳು ಬೇರೆಯೇ ಉಳಿದವು. ಎತ್ತು ಯಾರ ಕೊಟ್ಟಿಗೆಯಲ್ಲಿ ಕಟ್ಟಬೇಕು, ಯಾರ ಮೇವು ತಿನ್ನಬೇಕು ಎಂದು ಹೊಸ ತಕರಾರು ಹುಟ್ಟಿತು. ಮನೆ ಕಟ್ಟಲು ತರಿಸಿದ ಕಲ್ಲಿನ ಹಳೆಯ ಮಾತೂ ಒಮ್ಮೊಮ್ಮೆ ಏಳುತ್ತಿತ್ತು. ಆದರೆ ಈಗ ಜಗಳ ನೇರವಾಗಿ ಆಡುತ್ತಿದ್ದರು, ನನ್ನನ್ನು ನಡುವೆ ಓಡಾಡಿಸುತ್ತಿರಲಿಲ್ಲ.

ಉಳಿದ ಜೋಡಿಗಳಿಂದ ಬಂದ ಉತ್ತರವೂ ನಾವು ಬಯಸಿದಷ್ಟು ನೇರವಾಗಿರಲಿಲ್ಲ. ಮಳೆ ಕೈಕೊಟ್ಟಲ್ಲಿ ಹೊಸ ಪದ್ಧತಿಯ ಪೈರು ತಾಳಿಕೊಂಡಿತು. ಮಳೆ ಹೆಚ್ಚಾಗಿ ಕಳೆ ಎದ್ದಲ್ಲಿ ಹಳೆಯದೇ ಮುಂದಿತ್ತು. ಮಣ್ಣು ಮಾತ್ರ ಎಲ್ಲ ಕಡೆಯೂ ಒಡ್ಡಿನ ಹಿಂದೆ ಉಳಿದಿತ್ತು. ಉಳಿದ ಮಣ್ಣನ್ನು ಯಾವ ವರ್ಷದ ಫಲಕ್ಕೆ ಸೇರಿಸಬೇಕೆಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಮೂರನೆಯ ವರ್ಷದ ಬಿತ್ತನೆಗೆ ಅಲ್ಲಿ ನನಗೆ ಕೆಲಸವಿರಲಿಲ್ಲ. ಆದರೂ ಹೋದೆ. ಮೊದಲ ಮಳೆ ಬಿದ್ದು ನೆಲ ಹದವಾಗಿತ್ತು. ಅಣ್ಣ ಕೂರಿಗೆ ಹಿಡಿದಿದ್ದ, ತಮ್ಮನ ಹೆಂಡತಿ ಅದರ ಬಟ್ಟಲಿಗೆ ಬೀಜ ಬಿಡುತ್ತಿದ್ದಳು, ತಮ್ಮ ಹಿಂದಿನಿಂದ ಸಾಲು ಮುಚ್ಚುತ್ತ ಬರುತ್ತಿದ್ದ. ಒಡ್ಡಿನ ಗುಂಟ ಬಾಗಿ, ಹಳೆಯ ಬದು ಇದ್ದ ಜಾಗ ದಾಟಿ ಹೋಗಿ ಮತ್ತೆ ಬರುತ್ತಿದ್ದರು. ನಾನು ಅಂಚಿನಲ್ಲಿ ನಿಂತು ನೋಡುತ್ತಿದ್ದೆ. ಕೇಳಲೋ ಬೇಡವೋ ಎಂದು ಅವರು ಎರಡು ಸಲ ತಿರುಗಿ ಬರುವತನಕ ತಡೆದೆ.

"ಕಾಕಾರ, ನಾ ಒಂದು ಸುತ್ತು ಹಿಡೀಲೇನ್ರಿ?"

ಅಣ್ಣ ನಿಂತ. "ನೀವು ಓದಿದವರು, ಕೂರಿಗಿ ಹಿಡದೀರೇನ್ರಿ?"

"ಸಣ್ಣಂವ ಇದ್ದಾಗ ನಮ್ಮ ಅಜ್ಜನ ಕೈಮ್ಯಾಲ ಕೈ ಇಟ್ಟಿದ್ನಿರಿ. ಹಿಡದಿಲ್ಲ."

ಅವನು ಪಕ್ಕಕ್ಕೆ ಸರಿದು ಜಾಗ ಕೊಟ್ಟ. "ಭಾರ ಬಿಡಬ್ಯಾಡ್ರಿ, ಹಗುರ ಒತ್ರಿ. ಎತ್ತು ತಾವ ಹೋಗ್ತಾವ."

ಎತ್ತು ಹೊರಟವು. ಕೂರಿಗೆ ಮಣ್ಣಿನಲ್ಲಿ ಇಳಿದದ್ದು ಅಂಗೈಗೆ, ಅಂಗೈಯಿಂದ ಭುಜಕ್ಕೆ ತಿಳಿಯಿತು. ಎರಡು ವರ್ಷ ಆ ಮಣ್ಣನ್ನು ಒಣಗಿಸಿದ್ದೆ, ತೂಗಿದ್ದೆ, ಜರಡಿ ಹಿಡಿದಿದ್ದೆ. ಅದು ಒತ್ತಿದರೆ ಬಿಟ್ಟುಕೊಡುತ್ತದೆ, ಬಿಟ್ಟುಕೊಡುತ್ತಲೇ ಹಿಡಿದೆಳೆಯುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಒಡ್ಡಿನ ಬಾಗಿನಲ್ಲಿ ತಿರುಗಿಸಲಾಗದೆ ಸಾಲು ಹೊರಗೆ ಹೋಯಿತು, ಎಳೆದುಕೊಂಡೆ, ಒಳಗೆ ಬಂತು. ಹಳೆಯ ಬದುವಿನ ಜಾಗ ದಾಟುವಾಗ ಎಡವಿದೆ. ಆ ತುದಿ ಮುಟ್ಟಿದಾಗ ಅಂಗಿ ತೊಯ್ದಿತ್ತು. ಯಾರೂ ನಗಲಿಲ್ಲ. ತಮ್ಮನ ಹೆಂಡತಿ ಮಾತ್ರ ಸೆರಗು ಬಾಯಿಗೆ ಹಿಡಿದಿದ್ದಳು.

ಮೊಳಕೆ ಬಂದಾಗ ಎಲ್ಲರಿಗೂ ಕಂಡಿತು. ಒಡ್ಡಿನ ಗುಂಟ ಬಾಚಿದ ಕೂದಲಿನಂತೆ ಓಡುವ ಸಾಲುಗಳ ನಡುವೆ ನನ್ನ ನಾಲ್ಕು ಸಾಲು ಅತ್ತ ಇತ್ತ ಓಲಾಡಿಕೊಂಡು ಹೋಗಿದ್ದವು.

"ಸಾಹೇಬ್ರ, ಇದು ಹಳೇ ಪದ್ಧತೀನೂ ಅಲ್ಲ, ಹೊಸಾ ಪದ್ಧತೀನೂ ಅಲ್ಲ" ಎಂದ ತಮ್ಮ.

"ಕುಂಟಿ ಹೊಡದು ಮತ್ತ ಬಿತ್ತೂಣೇನು?" ಎಂದು ಅಣ್ಣ ಕೇಳಿದ.

"ಬ್ಯಾಡ. ಇರಲಿ. ಅವರ ಸಾಲು ಅವು" ಎಂದಳು ಅಣ್ಣನ ಹೆಂಡತಿ.

ನನ್ನ ಸಾಲು. ಸೈಕಲ್ ತುಳಿಯುತ್ತ ಖಾನಾಪುರಕ್ಕೆ ಬರುವಾಗ ಆ ಮಾತನ್ನು ದನಿ ಮಾಡಿ ಅಂದುಕೊಂಡೆ.

ಭತ್ತ ಹೊಡೆ ತುಂಬಿ ತೆನೆ ಬರುವ ಮೊದಲೇ ವರ್ಗದ ಆದೇಶ ಬಂತು. ಬಯಲು ಸೀಮೆಯ ಇನ್ನೊಂದು ತಾಲ್ಲೂಕು, ಜೋಳದ ಹೊಲಗಳು, ಅದೇ ಕೆಲಸ. ಹೊರಡುವ ದಿನ ಹೇಳಿ ಹೋಗೋಣವೆಂದು ಬಂದರೆ ಮನೆಗಳಲ್ಲಿ ಯಾರೂ ಇರಲಿಲ್ಲ. ಅಂದು ನಂದಗಡದ ಸಂತೆ. ಎರಡೂ ಮನೆಯವರು ಒಂದೇ ಗಾಡಿಯಲ್ಲಿ ಹೋದರೆಂದು ಪಕ್ಕದ ಮನೆಯಾಕೆ ಹೇಳಿದಳು. ಹೊಲಕ್ಕೆ ಹೋದೆ. ನನ್ನ ಸಾಲುಗಳಲ್ಲಿ ಕಳೆ ಎದ್ದಿತ್ತು. ಸೊಟ್ಟ ಸಾಲಿನಲ್ಲಿ ಎಡೆಕುಂಟೆ ಹೋಗಲಾರದು, ಕೈಯಿಂದಲೇ ಕೀಳಬೇಕು. ಚಪ್ಪಲಿ ಬಿಟ್ಟು ಇಳಿದು, ಒಂದು ತುದಿಯಿಂದ ಕಿತ್ತುಕೊಂಡು ಹೋದೆ. ಬಸ್ಸಿನ ಹೊತ್ತಾಯಿತು. ಅರ್ಧ ಉಳಿದಿತ್ತು. ಆ ಬಸ್ಸು ಬಿಟ್ಟೆ. ಪೂರ್ತಿ ಮುಗಿಸಿ, ಕೈ ಕೂಡ ತೊಳೆಯದೆ ಮುಂದಿನ ಬಸ್ಸು ಹತ್ತಿದೆ.

ಆ ಸುಗ್ಗಿಯಲ್ಲಿ ನಾನು ಬೇರೆ ಊರಿನಲ್ಲಿ ಬೇರೆಯವರ ಜೋಳ ತೂಗುತ್ತಿದ್ದೆ. ತಕ್ಕಡಿ ಎತ್ತಿದಾಗಲೆಲ್ಲ ಖಾನಾಪುರದ ಭತ್ತ ಕೊಯ್ಲಾಗಿರಬೇಕು ಎಂದುಕೊಳ್ಳುತ್ತಿದ್ದೆ. ನನ್ನ ನಾಲ್ಕು ಸಾಲು ಮೇಲಿನ ಹೊಲದಲ್ಲಿ ಹುಟ್ಟಿ ಕೆಳಗಿನ ಹೊಲದಲ್ಲಿ ಮುಗಿಯುತ್ತಿದ್ದವು. ಆ ಭತ್ತ ಅಣ್ಣನ ರಾಶಿಗೆ ಹೋಯಿತೋ ತಮ್ಮನ ರಾಶಿಗೋ, ಯಾರನ್ನಾದರೂ ಕೇಳಬಹುದಿತ್ತು. ಕೇಳಲಿಲ್ಲ. ಇಬ್ಬರೂ ಅದನ್ನು ಕೊಯ್ಯಲು ಒಟ್ಟಿಗೆ ಬಗ್ಗಿರಬೇಕು.